ಮೊಮ್ಮಗಳು ಇಳಿಯುವ ಸ್ಟಾಪು

ಒಂಬತ್ತು ದಿನ ನಾನು ಬಾಯಿ ಬಿಡಲಿಲ್ಲ. ಅಷ್ಟೂ ದಿನ ನನ್ನ ತಪ್ಪಿಗೆ ಮೊಮ್ಮಗಳು ಶಿಕ್ಷೆ ಅನುಭವಿಸಿದಳು. ಮನೆಯವರಿಗೆ ಹೇಳಿ ಆಗಿದೆ. ಬರೆದೂ ಇಡೋಣ ಎನ್ನಿಸಿತು.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಸಿಟಿ ಬಸ್ಸಿನ ಕಂಡಕ್ಟರ್ ಆದವನು. ಸರ್ವೀಸೆಲ್ಲ ಮೈಸೂರಿನ ರೂಟುಗಳಲ್ಲೇ ಕಳೆಯಿತು. ಈಗ ಕುವೆಂಪುನಗರದಲ್ಲಿ ಮಗ, ಸೊಸೆ, ಮೊಮ್ಮಗಳ ಜೊತೆ ಇದ್ದೇನೆ. ಮೊಮ್ಮಗಳಿಗೆ ಹದಿನಾಲ್ಕು. ಸಂಜೆ ಸೈಕಲ್ ಹತ್ತಿ ಒಬ್ಬಳೇ ಷಟಲ್ ಕ್ಲಾಸಿಗೆ ಹೋಗುತ್ತಾಳೆ. ಹಾಗೆ ಹೋಗುವುದಕ್ಕೆ ಅವಳು ಅಪ್ಪನ ಹತ್ತಿರ ಒಂದು ವರ್ಷ ವಾದ ಮಾಡಿದ್ದಳು. ಫೋನ್ ಜೊತೆಯಲ್ಲಿರಬೇಕು, ತಲುಪಿದ ಕೂಡಲೇ ಮೆಸೇಜ್ ಹಾಕಬೇಕು ಎಂಬ ಷರತ್ತಿನ ಮೇಲೆ ಮಗ ಕೊನೆಗೆ ಒಪ್ಪಿದ. ನನಗೆ ಆ ಫೋನ್ ಸರಿಬರಲಿಲ್ಲ. ಹುಡುಗಿಯ ಕೈಗೆ ಫೋನ್ ಕೊಡುವುದು ಬೀದಿ ಬಾಗಿಲು ತೆರೆದಿಟ್ಟಂತೆ ಎಂದು ದಿನಾ ಊಟದ ಹೊತ್ತಿಗೆ ಗೊಣಗುತ್ತಿದ್ದೆ.

ನನ್ನ ಕೈಯಲ್ಲೂ ಒಂದು ಫೋನ್ ಇದೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ಬೆಳಿಗ್ಗೆ ಪಾರ್ಕಿನಲ್ಲಿ ನಡೆಯುವವರದೊಂದು ವಾಟ್ಸಾಪ್ ಗ್ರೂಪ್ ಇದೆ. ಶುರುವಿನಲ್ಲಿ ಹನ್ನೊಂದು ಜನ ಇದ್ದೆವು. ಇವರು ಅವರನ್ನು, ಅವರು ಇನ್ಯಾರನ್ನೋ ಸೇರಿಸಿ ಇನ್ನೂರರ ಹತ್ತಿರ ಹೋಗಿದೆ. ಬೇರೆಯವರು ಹೂವು, ದೇವರ ಪಟ ಹಾಕಿದರೆ ನಾನು ಮೊಮ್ಮಗಳನ್ನು ಹಾಕುತ್ತಿದ್ದೆ. ಯೂನಿಫಾರ್ಮಿನಲ್ಲಿ ನಿಂತದ್ದು, ಸೈಕಲ್ ಮೇಲೆ ಕೂತದ್ದು. ಕೆಳಗೆ ಮನೆಯಲ್ಲಿ ಕರೆಯುವ ಮುದ್ದಿನ ಹೆಸರು, ಅದರ ಜೊತೆ ‘ನಾಲ್ಕೂವರೆಗೆ ಷಟಲ್ ಕ್ಲಾಸಿಗೆ ಹೊರಟಳು’ ಎಂದೋ ‘ಇವತ್ತು ಹೊಸ ಹಸಿರು ಶೂ’ ಎಂದೋ ಒಂದು ಸಾಲು. ಹುಟ್ಟುಹಬ್ಬಕ್ಕೆ ನಕ್ಷತ್ರ, ರಾಶಿ ಸಮೇತ. ಹತ್ತಾರು ಜನ ಕೈಮುಗಿದ ಚಿತ್ರ ಕಳಿಸಿದರೆ ಬೆಳಗಿನ ಕಾಫಿ ಕುಡಿದಷ್ಟು ಹಿತವಾಗುತ್ತಿತ್ತು.

ಒಂದು ಸಂಜೆ ಕ್ಲಾಸಿನ ಗೇಟಿನ ಬಳಿ ಸ್ಕೂಟರ್ ನಿಲ್ಲಿಸಿಕೊಂಡಿದ್ದ ಗಂಡಸೊಬ್ಬ ಅವಳನ್ನು ಆ ಮುದ್ದಿನ ಹೆಸರಿನಿಂದ ಕರೆದು, ಹಸಿರು ಶೂ ಯಾಕೆ ಹಾಕಿಲ್ಲ ಎಂದು ಕೇಳಿದ. ಅವಳು ಒಳಗೆ ಓಡಿಹೋಗಿ ಅಪ್ಪನಿಗೆ ಫೋನ್ ಮಾಡಿದಳು. ಮಗನ ಅನುಮಾನ ಅವಳ ಫೋನಿನ ಮೇಲೇ ಹೋಯಿತು. ಏನು ಹಾಕಿದ್ದೆ, ಯಾರ ಜೊತೆ ಮಾತಾಡಿದ್ದೆ ಎಂದು ಕೇಳಿದ. ಏನೂ ಇಲ್ಲ ಎಂದಳು. ಅವನು ನಂಬಲಿಲ್ಲ. ಫೋನ್ ಬೀರುವಿಗೆ ಹೋಯಿತು, ಸೈಕಲ್ಲಿಗೆ ಬೀಗ ಬಿತ್ತು, ಕ್ಲಾಸು ನಿಂತಿತು.

“ನಾನು ಬಡ್ಕೊಂಡೆ, ಕೇಳಿದ್ರಾ ಯಾರಾದ್ರೂ?” ಎಂದವನು ನಾನು. ಹಸಿರು ಶೂ ಎಂಬ ಮಾತು ಕಿವಿಗೆ ಬಿದ್ದಾಗಲೇ ನನಗೆ ಎಲ್ಲ ಗೊತ್ತಾಗಿತ್ತು. ಗೊತ್ತಾಗಿಯೂ ಹಾಗೆಂದೆ.

ಮಾರನೆಯ ದಿನ ಪಾರ್ಕಿನಲ್ಲಿ ವಿಚಾರಿಸಿದೆ. ಆತ ಗೆಳೆಯರೊಬ್ಬರ ಭಾಮೈದ, ಗ್ರೂಪಿಗೆ ಹೊಸಬ, ತನ್ನ ಮಗನನ್ನು ಅದೇ ಕ್ಲಾಸಿಗೆ ಬಿಡಲು ಬಂದಿದ್ದನಂತೆ. ದಿನಾ ಫೋಟೊ ನೋಡಿ ನೋಡಿ ನಮ್ಮ ಮನೆ ಮಗು ಅನ್ನಿಸ್ಬುಡ್ತು ಸ್ವಾಮಿ ಎಂದು ಪೇಚಾಡಿದ. ಸಾಧು ಮನುಷ್ಯ. ಹೆದರುವಂಥದ್ದೇನಿಲ್ಲವಲ್ಲ, ಹೇಳಿ ಯಾಕೆ ಮಾನ ಕಳೆದುಕೊಳ್ಳಲಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮೊಮ್ಮಗಳು ಸಂಜೆ ಕಾಂಪೌಂಡಿನ ಗೋಡೆಗೆ ಷಟಲ್ ಕಾಕ್ ಹೊಡೆಯುತ್ತಾ ಒಬ್ಬಳೇ ಆಡುತ್ತಿದ್ದಳು. ಎಂಟನೆಯ ದಿನ ಆ ಸದ್ದು ಕೇಳುತ್ತಾ ಕೂತವನಿಗೆ ನನ್ನ ಬಸ್ಸು ನೆನಪಾಯಿತು. ಕಾಲೇಜು ಹುಡುಗರು ಬಾಗಿಲಿಗೆ ಜೋತುಬಿದ್ದು, ಹಳದಿ ದಾವಣಿಯ ಹುಡುಗಿ ಎಲ್ಲಿ ಇಳಿಯುತ್ತಾಳೆ ಎಂದು ಕೇಳುತ್ತಿದ್ದರು. ಪಾಸಿನವರೆಲ್ಲರ ಸ್ಟಾಪೂ ನನಗೆ ಗೊತ್ತು. ಆದರೂ ‘ಗೊತ್ತಿಲ್ಲ ಕಣಯ್ಯ, ಒಳಗೆ ನಡಿ’ ಎನ್ನುತ್ತಿದ್ದೆ. ಒಬ್ಬರು ಇಳಿಯುವ ಸ್ಟಾಪನ್ನು ಇನ್ನೊಬ್ಬರಿಗೆ ಹೇಳಬಾರದು ಎಂದು ಯಾರೂ ಕಲಿಸಿರಲಿಲ್ಲ, ತಾನಾಗಿ ಬಂದ ಬುದ್ಧಿ. ಊರ ಹೆಣ್ಣುಮಕ್ಕಳ ವಿಷಯದಲ್ಲಿ ಅಷ್ಟು ವರ್ಷ ನಡೆಸಿಕೊಂಡು ಬಂದದ್ದನ್ನು ನನ್ನ ಮೊಮ್ಮಗಳ ವಿಷಯದಲ್ಲಿ ಮರೆತಿದ್ದೆ.

ಮರುದಿನ ಬೆಳಿಗ್ಗೆ ಎಲ್ಲರೂ ಕಾಫಿಗೆ ಕೂತಾಗ ಹೇಳಿದೆ.

“ಆ ಶೂ ಫೋಟೊ ಪಾರ್ಕಿನ ಗ್ರೂಪಿಗೆ ಹಾಕಿದ್ದು ನಾನು ಕಣಪ್ಪ. ಹೆಸರು, ಟೈಮು ಎಲ್ಲಾ ನಾನೇ. ಅವಳದೇನೂ ತಪ್ಪಿಲ್ಲ.”

ಮಗ ಲೋಟ ಕೆಳಗಿಟ್ಟ. “ಅವತ್ತೇ ಗೊತ್ತಿತ್ತಾ ನಿಮಗೆ?”

ಗೊತ್ತಿತ್ತು ಎಂದೆ. ಸೊಸೆ ಒಲೆ ಆರಿಸಿದಳು. ಸುಮ್ಮನಿರಲಾರದೆ ನಾನು ನಮ್ಮ ಕಾಲದ ಮಾತೆತ್ತಿದೆ. ಬೀದಿಗೆಲ್ಲ ಮಗುವಿನ ಗುರುತಿರುವುದೇ ಆಗ ಕಾವಲು, ದಾರಿ ತಪ್ಪಿದರೆ ಯಾರಾದರೂ ಮನೆಗೆ ತಂದು ಬಿಡುತ್ತಿದ್ದರು ಎಂದೆ.

ಮೊಮ್ಮಗಳು ತಲೆಯೆತ್ತಿ ನೋಡಿದಳು. “ಬೀದಿಯವರೆಲ್ಲ ನಿಮಗೂ ಗೊತ್ತಿದ್ರಲ್ಲ ತಾತ. ಈ ಗ್ರೂಪಿನವ್ರಿಗೆ ನಾನು ಗೊತ್ತು. ನಂಗೆ ಇವ್ರಲ್ಲಿ ಒಬ್ರೂ ಗೊತ್ತಿಲ್ಲ.”

 

ಮಗ ಫೋನ್ ತಂದುಕೊಟ್ಟು, ತಾನೇ ಕೂತು ಸೈಕಲ್ಲಿಗೆ ಗಾಳಿ ಹೊಡೆದ. ಅವನು ಮಗಳ ಕ್ಷಮೆ ಕೇಳಿದ್ದು ಹಾಗೆ. ಅವಳು ಮತ್ತೆ ಕ್ಲಾಸಿಗೆ ಹೋಗುತ್ತಿದ್ದಾಳೆ, ಆದರೆ ಬೇರೆ ಹೊತ್ತಿಗೆ. ಅವಳು ಎಲ್ಲಿದ್ದಾಳೆಂದು ತೋರಿಸುವ ಆ್ಯಪ್ ಹಾಕಬೇಕೋ ಬೇಡವೋ ಎಂದು ಅಪ್ಪ ಮಗಳು ಇನ್ನೂ ಜಗಳವಾಡುತ್ತಿದ್ದಾರೆ. ನಾನು ಅದರಲ್ಲಿ ತಲೆ ಹಾಕುವುದಿಲ್ಲ.

ಭಾನುವಾರ ಮೊಮ್ಮಗಳು ನನ್ನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ನನ್ನ ಫೋನಿನ ಗ್ರೂಪನ್ನು ಜಾಲಾಡಿದಳು. ಬೇರೆಯವರ ಫೋನಿಗೆ ಹೋಗಿರುವ ಹಳೆಯದನ್ನು ಇಲ್ಲಿಂದ ಅಳಿಸಲಾಗುವುದಿಲ್ಲ, ನೀವೇ ಕೇಳಬೇಕು ಎಂದಳು. ಸೋಮವಾರ ಪಾರ್ಕಿನ ಕಲ್ಲುಬೆಂಚಿನ ಪಕ್ಕ ನಿಂತು, ಸ್ಟಾಪು ಕೂಗುತ್ತಿದ್ದ ಅದೇ ಗಂಟಲಿನಲ್ಲಿ, ದಯವಿಟ್ಟು ಆ ಫೋಟೊಗಳನ್ನು ತೆಗೆದುಹಾಕಿ ಎಂದು ಕೇಳಿಕೊಂಡೆ.

“ಏನ್ ಕಂಡಕ್ಟ್ರೇ, ಹರಿದು ಕೊಟ್ಟ ಟಿಕೆಟ್ ವಾಪಸ್ ಕೇಳ್ತಿದೀರಿ?” ಎಂದು ಒಬ್ಬರು ಕಿಚಾಯಿಸಿದರು. ನಕ್ಕರೂ ಹಲವರು ಅಲ್ಲೇ ಕನ್ನಡಕ ಏರಿಸಿ ಫೋನ್ ತೆಗೆದರು. ಎಲ್ಲರೂ ಅಳಿಸಿದರೋ ಇಲ್ಲವೋ, ತಿಳಿಯುವ ದಾರಿಯಿಲ್ಲ. ಅದು ನನ್ನ ಜೊತೆಗೇ ಇರುತ್ತದೆ.

ಈಗ ಫೋಟೊ ತೆಗೆಯುವ ಮುಂಚೆ ಅವಳನ್ನು ಕೇಳುತ್ತೇನೆ. ಬಹಳ ಸಲ ಬೇಡ ಎನ್ನುತ್ತಾಳೆ. ಮೊನ್ನೆ ಒಂದಕ್ಕೆ ಹೂಂ ಅಂದಳು, ನನ್ನ ಮಗಳಿಗೆ, ಅಂದರೆ ಅವಳ ಅತ್ತೆಗೆ ಮಾತ್ರ ಕಳಿಸಿ ಎಂದಳು. ಇವತ್ತು ಬೆಳಿಗ್ಗೆ ಪಾರ್ಕಿನಲ್ಲಿ ಆ ಭಾಮೈದನೇ ಸಿಕ್ಕಿ, ಮಗು ಈಗ ಯಾವ ಹೊತ್ತಿಗೆ ಆಡಲು ಹೋಗುತ್ತೆ, ಕಾಣುವುದೇ ಇಲ್ಲವಲ್ಲ ಎಂದು ಪ್ರೀತಿಯಿಂದಲೇ ಕೇಳಿದ.

“ಗೊತ್ತಿಲ್ಲ ಕಣ್ರೀ” ಎಂದೆ. ಎಷ್ಟೋ ವರ್ಷಗಳ ಮೇಲೆ ಆ ಮಾತು ಸಲೀಸಾಗಿ ಬಂತು.