ಪಾಚಿ ಸುತ್ತಿದ ಅನ್ನ

ಸೊಸೆ ಕಾವ್ಯಾ ಅಡುಗೆಕಟ್ಟೆಯ ಮೇಲೆ ಕರಿ ಹಾಳೆ ಹಾಸಿ, ವಿನೆಗರ್ ಕಲಸಿದ ಅನ್ನ ಹರವತೊಡಗಿದಾಗಲೇ ಸೂಗಮ್ಮನಿಗೆ ಮೈಯೆಲ್ಲ ಉರಿಯಿತು. ಉರಿಯದೆ ಇನ್ನೇನು? ತೆಲುಗು ಸೀಮೆಯ ಉಪ್ಪಲ್‌ನ ಈ ಅಪಾರ್ಟ್‌ಮೆಂಟಿನಲ್ಲಿ ಅಡುಗೆ ಅಂದರೆ ಸೂಗಮ್ಮ, ಸೂಗಮ್ಮ ಅಂದರೆ ಹೋಳಿಗೆ. ಹಬ್ಬ ಬಂತೆಂದರೆ ತೆಲುಗಿನವರು ತಮ್ಮದೇ ಹೋಳಿಗೆಯಾದ ಭಕ್ಷಾಲು ಬಿಟ್ಟು ಇವಳ ತಟ್ಟೆಯ ದಾರಿ ಕಾಯುತ್ತಿದ್ದರು.

ಆ ಹೆಸರೇನು ಸುಮ್ಮನೆ ಬಂದದ್ದೇ? ಲಿಂಗಸುಗೂರಿನಿಂದ ಮದುವೆಯಾಗಿ ಬಂದ ಹೊಸತರಲ್ಲಿ ಆಗ ಮನೆಯಿದ್ದ ಮೆಹದಿಪಟ್ಟಣಂ ಓಣಿಯ ಹೆಂಗಸರು ಅವಳ ಹರಕು ತೆಲುಗು ಕೇಳಿ ಬಿದ್ದು ಬಿದ್ದು ನಕ್ಕಿದ್ದರು. ಅವಳು ಅಳುತ್ತ ಕೂರಲಿಲ್ಲ, ಹೋಳಿಗೆ ಮಾಡಿ ಮನೆಮನೆಗೂ ಕಳಿಸಿದಳು. ನಕ್ಕ ಬಾಯಿಗಳೇ ಚಪ್ಪರಿಸಿದವು. ಮುಂದೆ ತೆಲುಗೂ ಎಂಥಾ ಪಳಗಿತೆಂದರೆ, ತರಕಾರಿ ಬಂಡಿಯವನು ಇವಳ ಬಾಯಿಗೆ ಹೆದರಿ ದರ ತಾನೇ ಇಳಿಸುತ್ತಿದ್ದ.

ಈಗ ನೋಡಿದರೆ ಲಿಫ್ಟಿನಲ್ಲಿ ಸಿಕ್ಕವರೆಲ್ಲ ಕಾವ್ಯಾಳ ರೋಲ್ಸ್ ವಿಚಾರವನ್ನೇ ಕೇಳುತ್ತಾರೆ. ಯಾವುದೋ ಹೊರದೇಶದ ಸುಶಿಯಂತೆ! ಸವತೆಕಾಯಿ, ಗಜ್ಜರಿ, ಪನೀರು ಇಟ್ಟು ಬಿದಿರಿನ ಚಾಪೆಯಲ್ಲಿ ಸುತ್ತಿ ಕೊಯ್ಯುವುದೂ ಒಂದು ಅಡುಗೆಯೇ? ಮೇಲಾಗಿ ಭಾನುವಾರ ಹೆಂಗಸರನ್ನೆಲ್ಲ ಮನೆಗೆ ಕರೆದು ಕಲಿಸುತ್ತಾಳಂತೆ.

"ಏನದು, ಕರ್ರಗ?" ಸೂಗಮ್ಮ ಮೂಗು ಮುರಿದಳು.

"ಸಮುದ್ರದಾಗ ಬೆಳಿತೈತ್ರಿ ಅತ್ತಿ. ನಮ್ಮ ಪಾಚಿ ಇದ್ದಂಗ. ಒಣಗಿಸಿ ಹಾಳಿ ಮಾಡತಾರ."

"ಪಾಚಿ? ಬಾವ್ಯಾಗ ಕಾಲು ಜಾರಸೋ ಪಾಚಿ ತಿನಸ್ತೀಯೇನ ನನ್ನ ಮನ್ಯಾಗ?"

ಕಾವ್ಯಾ ತಲೆ ಎತ್ತಲಿಲ್ಲ. "ಮನಿ ನಿಮ್ಮ ಒಬ್ಬರದ ಏನ್ರಿ? ನೀವು ತಿನ್ನಬ್ಯಾಡ್ರಿ. ಪ್ರತಿ ವರ್ಷ ಅದ ಹೋಳಿಗಿ ತಿಂದು ಮಂದಿಗೆ ಸಾಕಾಗೇತಿ. ಅದಕ್ಕ ನನ್ನ ಕಡೆ ಬರಾಕತ್ತಾರ."

ಆ ಮಾತು ಸೂಗಮ್ಮನ ಎದೆಗೆ ನಾಟಿತು. ಅವಳು ಜಗಳಕ್ಕೆ ನಿಲ್ಲದೆ ಹೊರಗೆ ಹೋದಳು.

ಶನಿವಾರ ಕಾವ್ಯಾ ಪೇಟೆಗೆ ಹೋದಾಗ ಎದುರು ಮನೆಯ ನಲಿನಿ ಬಾಗಿಲಿಗೆ ಬಂದಳು. ನಾಳೆ ಕಾವ್ಯಾ ಏನು ತಿನ್ನಿಸುತ್ತಾಳೆ ಎಂದು ತೆಲುಗಿನಲ್ಲಿ ಕೇಳಿದಳು. ಸೂಗಮ್ಮ ಅತ್ತಿತ್ತ ನೋಡಿ ದನಿ ತಗ್ಗಿಸಿದಳು.

"ಪಾಚಿ ಅನ್ನಂ," ಎಂದಳು.

ಸುಳ್ಳೇನೂ ಅಲ್ಲ ನೋಡಿ! ಕನ್ನಡದ ಪಾಚಿ, ನೀರಿನ ಪಾಚಿ. ಆದರೆ ತೆಲುಗಿನಲ್ಲಿ ಪಾಚಿ ಅನ್ನಂ ಎಂದರೆ ಹಳಸಿದ ಅನ್ನ. ಪಾಪ, ಸೂಗಮ್ಮನಿಗೆ ಅದು ಗೊತ್ತಿರಲಿಲ್ಲ ಎನ್ನುವವರು ಆ ತರಕಾರಿ ಬಂಡಿಯವನನ್ನು ಕೇಳಿಕೊಂಡು ಬರಲಿ.

ಆ ಮಾತು ಮನೆಮನೆ ಸುತ್ತಿತು, ಭಾನುವಾರ ಯಾರೂ ಬರಲಿಲ್ಲ. ನಲಿನಿಯೊಬ್ಬಳು ಹೊಸ್ತಿಲ ತನಕ ಬಂದಳು. ವಿನೆಗರಿನ ಹುಳಿ ವಾಸನೆ ಮೂಗಿಗೆ ಬಡಿಯಿತೋ ಇಲ್ಲವೋ, ಸೆರಗಿನಿಂದ ಮೂಗು ಮುಚ್ಚಿಕೊಂಡು, "ಆಂಟಿ ಪಾಚಿ ಅಂದದ್ದು ನಿಜವೇ ಸರಿ," ಎಂದು ತೆಲುಗಿನಲ್ಲಿ ಗೊಣಗಿ ತಿರುಗಿಬಿಟ್ಟಳು.

"ಏನ್ ಹೇಳಿದ್ರಿ ಅತ್ತಿ ಅವರಿಗೆ?" ಕಾವ್ಯಾ ಅತ್ತೆಯ ಕಡೆ ತಿರುಗಿದಳು.

"ನೀ ಹೇಳಿದ್ದನ್ನ ಹೇಳೀನಿ. ಪಾಚಿ ಅಂದ್ಯೋ ಇಲ್ಲೋ?"

ಕಾವ್ಯಾ ಅಳಲಿಲ್ಲ. ಅಷ್ಟೂ ಅನ್ನವನ್ನು ಕಸದ ಡಬ್ಬಿಗೆ ಸುರಿದು, ಚಾಪೆ ಸುತ್ತಿ ಅಟ್ಟಕ್ಕೆ ಎಸೆದಳು. ಸೂಗಮ್ಮ ಅಂದು ಎರಡು ರೊಟ್ಟಿ ಹೆಚ್ಚಿಗೆ ತಿಂದಳು.

ಯುಗಾದಿ ಬಂತು. ಸೂಗಮ್ಮ ಬೆಳಗಿನಿಂದ ಸೊಂಟ ಬೀಳುವ ಹಾಗೆ ಹೋಳಿಗೆ ಬೇಯಿಸಿದಳು. ಹೊಸ ಸೀರೆ ಉಟ್ಟು, ತುಪ್ಪ ಸವರಿದ ಮೊದಲ ತಟ್ಟೆಯನ್ನು ನಲಿನಿಗೆ ಕೊಟ್ಟಳು. ನಲಿನಿ ನಗುತ್ತಲೇ ಈಸಿಕೊಂಡು ಬಾಗಿಲು ಹಾಕಿದಳು. ಸೂಗಮ್ಮ ಇನ್ನೂ ಹೊಸ್ತಿಲಲ್ಲೇ ಇದ್ದಳು. ಒಳಗೆ ತಟ್ಟೆಗೆ ಚಾಚಿದ ಅವಳ ಮಗಳ ಕೈಗೆ ಏಟು ಬಿದ್ದ ಸದ್ದು, ಅದರ ಹಿಂದೆಯೇ ನಲಿನಿಯ ದನಿ.

"ಒದ್ದು! ಆ ಇಂಟ್ಲೋ ಪಾಚಿವಿ ಪೆಡತಾರು."

ಬೇಡ, ಆ ಮನೆಯವರು ಹಳಸಿದ್ದು ಕೊಡುತ್ತಾರೆ. ಸೂಗಮ್ಮನಿಗೆ ಒಂದಕ್ಷರವೂ ಬಿಡದೆ ಅರ್ಥವಾಯಿತು. ಹಳಸಿದ್ದು ಸೊಸೆಯ ಕೈಯಲ್ಲ, ಇಡೀ ಮನೆ! ಮುಂದಿನ ಬಾಗಿಲಲ್ಲಿ ಸಕ್ಕರೆ ಕಾಯಿಲೆ ಎಂದರು, ಅದರಾಚೆ ಬಾಗಿಲೇ ತೆರೆಯಲಿಲ್ಲ. ತುಂಬಿದ ತಟ್ಟೆಗಳನ್ನು ಹೊತ್ತು ಅವಳು ಮನೆಗೆ ಬಂದಳು.

ಎದುರು ಮನೆಯ ಮಾತು ಕಿವಿಗೆ ಬಿದ್ದಿದ್ದ ಕಾವ್ಯಾ ಒಂದು ಹೋಳಿಗೆ ಮುರಿದು ಬಾಯಿಗಿಟ್ಟಳು.

"ಭಾಳ ಚಲೋ ಆಗ್ಯಾವ್ರಿ ಅತ್ತಿ. ಹೋಗ್ರಿ, ಇವು ಪಾಚಿ ಅಲ್ಲ ಅಂತ ಹೇಳಿ ಬರ್ರಿ. ತೆಲುಗು ನಿಮಗ ಚಂದಾಗಿ ಬರತೈತೆಲ್ಲ."