ಅಪ್ಪನ ದಮ್ಮು ಕಡಿಯುವ ಜಾಗ

ಹಿಂದೂಸ್ತಾನಿ ಸಂಗೀತದಲ್ಲಿ ಘರಾಣಾ ಹೇಗೆ ಹುಟ್ಟುತ್ತದೆ ಎಂದು ಯಾರಾದರೂ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಒಂದು ಹುಟ್ಟಿದ್ದನ್ನು ಕುಷ್ಟಗಿಯ ನಮ್ಮ ಪಡಸಾಲೆಯಲ್ಲೇ ನೋಡಿದ್ದೇನೆ. ಅದು ಹುಟ್ಟಿದ್ದು ಅಪ್ಪನ ಎದೆಯ ರೋಗದಿಂದ.

ಅಪ್ಪ ಹಗಲು ಊರಾಚೆಯ ಗ್ರಾನೈಟ್ ಕಾರ್ಖಾನೆಯಲ್ಲಿ ಕಲ್ಲು ಕೊಯ್ಯುತ್ತಿದ್ದ, ಸಂಜೆ ಶಿಷ್ಯರಿಗೆ ಹಾಡು ಹೇಳಿಕೊಡುತ್ತಿದ್ದ. ಅವನ ಗುರುಗಳದು ದೀರ್ಘ ಉಸಿರಿನ ಗಾಯನ. ಒಂದೇ ದಮ್ಮಿನಲ್ಲಿ ಮೇಲಿನ ಷಡ್ಜಕ್ಕೆ ಏರಿ, ಅಲ್ಲಿ ನಿಂತು, ಹಾಗೇ ಇಳಿದು ಬರುವುದೇ ಆ ಘರಾಣೆಯ ಹೆಮ್ಮೆ. ಅಪ್ಪನೂ ಹಾಗೆಯೇ ಹಾಡುತ್ತಿದ್ದ, ಮಗಳಾದ ನನಗೂ ಹಾಗೆಯೇ ಕಲಿಸಿದ್ದ. ಕಲ್ಲಿನ ಧೂಳು ಎದೆಗಿಳಿದ ಮೇಲೆ ಷಡ್ಜ ಮುಟ್ಟುವ ಮೊದಲೇ ದಮ್ಮು ಕಡಿಯತೊಡಗಿತು. ಅಲ್ಲಿ ಗಕ್ಕನೆ ನಿಂತು, ಸಣ್ಣಗೆ ಉಸಿರೆಳೆದು, ಸ್ವರಕ್ಕೆ ಹಾರುತ್ತಿದ್ದ.

ಶಿಷ್ಯರು ಅದನ್ನೂ ಕಲಿತರು! ಗುರುವಿನ ಬಾಯಿಂದ ಬಂದದ್ದನ್ನು ಹಾಗೇ ಎತ್ತಿಕೊಳ್ಳಬೇಕು, ‘ಯಾಕೆ’ ಎಂದು ಕೇಳಬಾರದು ಎಂಬುದು ನಮ್ಮಲ್ಲಿನ ರೂಢಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಮಂದಿ. ಗಟ್ಟಿಮುಟ್ಟಾದ ಗಂಡಸರು ಸಾಲಾಗಿ ಕುಳಿತು ಏದುಸಿರು ಬಿಡುವುದನ್ನು ಅಭ್ಯಾಸ ಮಾಡುತ್ತಿದ್ದರು. ಗಂಗಾವತಿಯ ಒಂದು ಬೈಠಕ್ಕಿನಲ್ಲಿ ಸರಿಯಾಗಿ ಆ ಜಾಗಕ್ಕೇ ‘ವಾಹ್ವಾ’ ಬಿತ್ತು. “ಇದು ನಿಮ್ದ ಹೊಸಾ ಘರಾಣಾ ಆತ್ ನೋಡ್ರಿ” ಎಂದರು ಯಾರೋ. ಅಪ್ಪನ ಮುಖ ಅರಳಿತು.

ಕೊಪ್ಪಳದ ಡಾಕ್ಟರು ಎಕ್ಸ್‌ರೇ ನೋಡಿ, ಕಲ್ಲಿನ ಕೆಲಸ ಬಿಟ್ಟು ಈಗಲೇ ಆಸ್ಪತ್ರೆ ಸೇರಿದರೆ ಕೆಲವು ವರ್ಷ ಉಳಿಯಬಹುದು ಎಂದರು. ವಾಪಸು ಬರುವಾಗ ಬಸ್ಸಿನಲ್ಲೇ ಜಗಳಕ್ಕೆ ನಿಂತೆ.

“ಅಪ್ಪಾ, ಅದು ಹಾಡಿನ ಶೈಲಿ ಅಲ್ಲ, ಜಡ್ಡು. ದವಾಖಾನಿಗೆ ಸೇರು.”

“ಸುಮ್ನಿರವಾ. ನನ್ನ ಗುರುಗೋಳಂಗ ಹಾಡಾವ್ರು ಊರಿಗೊಬ್ರು ಅದಾರ. ನನ್ನಂಗ ಹಾಡಾವ್ರು ನನ್ನ ಶಿಷ್ಯರಷ್ಟ. ಜಡ್ಡು ಅಂತ ಗೊತ್ತಾದ್ರ ಅವರ ಮುಂದ ನಾ ಹೆಂಗ ಕುಂದರ್ಲಿ?”

“ಸತ್ರ ಹೆಂಗ ಕುಂದರ್ತಿ?”

ಅಪ್ಪ ನಕ್ಕ. ನಗು ಕೆಮ್ಮಾಯಿತು, ಕುಷ್ಟಗಿ ಬರುವ ತನಕ ನಿಲ್ಲಲಿಲ್ಲ.

ಎಷ್ಟು ಹೇಳಿದರೂ ಕೋಣನ ಮುಂದೆ ಕಿನ್ನರಿ. ಕಲ್ಲನ್ನೂ ಬಿಡಲಿಲ್ಲ, ಹಾಡನ್ನೂ ಬಿಡಲಿಲ್ಲ. ಕೊನೆಗೆ ಒಂದು ಗುಟುಕು ಚಹಾಕ್ಕೂ ದಮ್ಮು ಸಾಲದಾಯಿತು. ಶಿಷ್ಯರು ಸುತ್ತ ಕುಳಿತು ಆ ಏದುಸಿರನ್ನು ಕಣ್ಣು ಮುಚ್ಚಿ ಕೇಳುತ್ತಿದ್ದರು. ಅವರನ್ನು ಹೊರಗೆ ದಬ್ಬಬೇಕು ಅನ್ನಿಸುತ್ತಿತ್ತು. ಮಳೆಗಾಲಕ್ಕೆ ಮುಂಚೆ ಒಂದು ಬೆಳಿಗ್ಗೆ ದಿಂಬಿಗೆ ಒರಗಿದಲ್ಲೇ ಅಪ್ಪ ಹೋದ.

ವರ್ಷದ ಪುಣ್ಯತಿಥಿ ಯಲಬುರ್ಗಾದಲ್ಲಿ ನಡೆಯಿತು. ಅಪ್ಪನ ಹಿರಿಯ ಶಿಷ್ಯ ಅಲ್ಲಿ ಸ್ವಂತ ಪಾಠ ನಡೆಸುತ್ತಾನೆ. ಎಲ್ಲರೂ ಹಾಡಿದರು, ಎಲ್ಲರೂ ಷಡ್ಜದ ಮುಂದೆ ಗಕ್ಕನೆ ನಿಂತರು. ಅಪ್ಪನನ್ನು ಕಂಡೇ ಇರದ ಹುಡುಗಿಯರೂ ನಿಂತರು. ಕೊನೆಗೆ ನಾನು ಹಾಡಲು ಕುಳಿತೆ. ಅಪ್ಪ ಗಟ್ಟಿಯಿದ್ದಾಗ ಹಾಡುತ್ತಿದ್ದಂತೆ, ಒಂದೇ ದಮ್ಮಿನಲ್ಲಿ ಏರಿ ಇಳಿದೆ.

“ಅಕ್ಕಾರ, ಧ್ವನಿ ಭಾಳ ಛಲೋ ಐತ್ರಿ,” ಎಂದ ಹಿರಿಯ ಶಿಷ್ಯ. “ಆದ್ರ ಗುರುಗೋಳ ಜಾಗಾ ಬರ್ಲೇ ಇಲ್ಲ. ಇದು ಅವರ ಘರಾಣಾ ಅಲ್ರಿ.”

“ಅದು ಜಾಗಾ ಅಲ್ಲೋ ಖೋಡಿ, ಜಡ್ಡು! ಅದರಿಂದನ ಅಪ್ಪ ಸತ್ತಾನ,” ಎಂದು ಎಲ್ಲರೆದುರು ಅತ್ತುಬಿಟ್ಟೆ.

ಅವನು ಭಕ್ತಿಯಿಂದ ಕಿವಿ ಮುಟ್ಟಿಕೊಂಡ. “ಏನರ ಇರ್ಲಿರಿ ಅಕ್ಕಾರ, ಗುರುಗೋಳು ಕೊಟ್ಟದ್ದು.” ಆಮೇಲೆ ಪಕ್ಕದ ಪುಟ್ಟ ಹುಡುಗಿಯ ಕಡೆ ತಿರುಗಿ, ಉಸಿರನ್ನು ಎಲ್ಲಿ ಮುರಿಯಬೇಕೆಂದು ತೋರಿಸತೊಡಗಿದ.