ಹಸಿ ಮತ್ತಿಯ ಹೊಸ್ತಿಲು

ನಮ್ಮವ್ವ ಗೋದೂಬಾಯಿ ಹಾವೇರಿಯ ಈ ಮನೆಯ ಸೊಸೆಯಾಗಿ ಉಳಿದದ್ದು ಅಗಡಿಯ ಬಡಿಗ ಪರಮೇಶಪ್ಪನಿಂದ. ನಮ್ಮಜ್ಜ ಅಣ್ಣಾಜಿಯಿಂದಲ್ಲ, ನಮ್ಮಪ್ಪನಿಂದಂತೂ ಅಲ್ಲವೇ ಅಲ್ಲ. ಅಪ್ಪನಿಗೆ ಆಗ ಬಾಯಿ ಇತ್ತೋ ಇಲ್ಲವೋ, ದೇವರೇ ಬಲ್ಲ!

ಪರಮೇಶಪ್ಪನಿಗೆ ಕಟ್ಟಿಗೆಗಳೆಂದರೆ ಮನುಷ್ಯರ ಹಾಗೆ, ಒಂದೊಂದಕ್ಕೆ ಒಂದೊಂದು ಗುಣ. "ಸಾಗವಾನಿ ಸಾಧು ಪ್ರಾಣಿ, ಮೈ ತಿರುವಾಂಗಿಲ್ಲ. ಜಾಲಿ ತುದಿಯಿಂದ ಸೀಳತೈತಿ, ತುದಿಗೆ ಸಗಣಿ ಮೆತ್ತಬೇಕು. ಮತ್ತಿ ಮಾತ್ರ ಭಾಳ ಸಿಟ್ಟಿಂದು. ಅವಸರ ಮಾಡಿದ್ರ ಡೊಂಕಾಗಿ ಮೈಯೆಲ್ಲಾ ಬಿರೀತೈತಿ," ಎನ್ನುತ್ತಿದ್ದ. ಅವನ ಹಿತ್ತಿಲಿನ ನೆರಳಿನಲ್ಲಿ ಹಲಗೆಗಳು ನಡುನಡುವೆ ಕಡ್ಡಿ ಇಟ್ಟುಕೊಂಡು ವರ್ಷಗಟ್ಟಲೆ ಒಣಗುತ್ತ ಮಲಗಿರುತ್ತಿದ್ದವು.

ಮೂವತ್ತಾರನೆಯ ಇಸವಿಯಲ್ಲಿ ಅಜ್ಜ ಹೊಸ ಮನೆ ಕಟ್ಟಿಸಿದ. ಹೊಸ್ತಿಲಿಗೆಂದು ಆಗತಾನೇ ಕಡಿದ ಮತ್ತಿಯ ದಿಮ್ಮಿ ತರಿಸಿದ.

"ಇದು ಹಸಿ ಐತ್ರಿ. ಒಂದು ವರ್ಷ ನೆರಳಾಗ ಇರ್ಲಿ," ಎಂದ ಪರಮೇಶಪ್ಪ.

"ಮುಹೂರ್ತ ನಿನ್ನ ಕಟ್ಟಿಗಿ ಸಲುವಾಗಿ ಕಾಯ್ತದೇನೋ? ಸುಮ್ನ ಕೂಡಿಸು," ಎಂದು ಅಜ್ಜ ಗದರಿಸಿದ. ಬಡಿಗ ಕೂಡಿಸಿದ.

ಆ ವರ್ಷದ ಬೇಸಿಗೆಯಲ್ಲೇ ರಾಣೇಬೆನ್ನೂರಿನಿಂದ ಅವ್ವ ಸೊಸೆಯಾಗಿ ಬಂದಳು. ಬಂದ ತಿಂಗಳಲ್ಲೇ ಉರಿಬಿಸಿಲಿಗೆ ಹೊಸ್ತಿಲು ಚಟ್ಟೆಂದು ಉದ್ದಕ್ಕೆ ಬಿರಿಯಿತು. ಸಾಕಲ್ಲ ಊರಿಗೆ! 'ಕಾಲ್ಗುಣ' ಎಂಬ ಒಂದು ಮಾತು ಮನೆಮನೆ ತಿರುಗಿತು. ಅಜ್ಜಿ ಕಾಶೀಬಾಯಿ, "ಇಕಿ ಕಾಲಿಟ್ಟ ಕೂಡ್ಲೆ ಹೊಸ್ತಿಲಾ ಒಡೀತು, ನಾಳೆ ಮನೀ ಒಡೀತದ. ತವರಿಗೆ ಕಳಿಸಿಬಿಡ್ರಿ, ತಿರುಗಿ ಕರೀಬ್ಯಾಡ್ರಿ," ಎಂದು ಹಟ ಹಿಡಿದಳು. ಹುಡುಗಿ ತನ್ನ ಟ್ರಂಕಿನ ಮೇಲೆ ಕುಳಿತು ಅಳುತ್ತಿದ್ದಳು. ಹಸಿ ಮರ ಇಡಿಸಿದ ನಮ್ಮಜ್ಜ ಎಲೆಯಡಿಕೆ ಮೆಲ್ಲುತ್ತ ಸುಮ್ಮನಿದ್ದ. ಎಂಥಾ ಮನುಷ್ಯನಪ್ಪಾ!

ಸುದ್ದಿ ಕೇಳಿ ಪರಮೇಶಪ್ಪ ಅಗಡಿಯಿಂದ ನಡೆದು ಬಂದ. ಓಣಿಯ ಮಂದಿಯೆಲ್ಲ ಸೇರಿದ್ದರು. ಬಿರುಕಿನ ಮೇಲೆ ಕೈಯಿಟ್ಟು ಹೇಳಿದ:

"ಆ ಕೂಸಿನ ಕಾಲ್ಗುಣ ಅಲ್ರೀ ಇದು. ಮತ್ತಿ ಹಸಿ ಇತ್ತು. ಗೊತ್ತಿದ್ದೂ ಕೂಡಿಸೇನಿ. ತಪ್ಪು ನಂದು."

ಅಜ್ಜನ ಹೆಸರೆತ್ತಲಿಲ್ಲ. ಎತ್ತಿದ್ದರೆ ಮಾನ ಹೋದ ಸಿಟ್ಟಿಗೆ ಅಜ್ಜ ಸೊಸೆಯನ್ನು ಅಂದೇ ಹೊರಗೆ ಹಾಕುತ್ತಿದ್ದ, ಅದು ಬಡಿಗನಿಗೆ ಗೊತ್ತಿತ್ತು. ಟ್ರಂಕು ಒಳಗೆ ಹೋಯಿತು.

ಅಂದಿನಿಂದ ಅವನು ಹಸಿಮತ್ತಿ ಪರಮೇಶಪ್ಪ. ಬ್ಯಾಡಗಿಯ ಮೆಣಸಿನಕಾಯಿ ಸಾಹುಕಾರರು ಅಂಗಡಿಯ ಬಾಗಿಲಿಗೆ ಅವನನ್ನು ಕರೆಯುವುದು ಬಿಟ್ಟರು. ಹೊಸ್ತಿಲಿಗಂತೂ ಯಾರೂ ಕರೆಯಲಿಲ್ಲ. ಕಡೆಯತನಕ ನೊಗ, ಕುಂಟೆ ಕೆತ್ತಿಯೇ ಹೊಟ್ಟೆ ಹೊರೆದ.

ನಲವತ್ತಾರರಲ್ಲಿ ಅವನು ತೀರಿಕೊಂಡ ಸುದ್ದಿ ಬಂತು. ಅವ್ವ ರೊಟ್ಟಿಯ ಹಿಟ್ಟು ಹಾಗೇ ಬಿಟ್ಟು ಬಾವಿಗೆ ಹೋಗಿ, ಉಟ್ಟ ಸೀರೆಯಲ್ಲೇ ತಲೆಯ ಮೇಲೆ ತಣ್ಣೀರು ಸುರಿದುಕೊಂಡಳು. ರಕ್ತಸಂಬಂಧಿಗಳು ಸತ್ತರೆ ನಮ್ಮಲ್ಲಿ ಹಾಗೆ ಮಾಡುತ್ತಾರೆ.

ಅಜ್ಜ ಗಾಬರಿಯಾಗಿ ಬಂದ. "ಯಾರು ಹೋದ್ರು, ನಿನ್ನ ತವರಾಗ?"

"ಪರಮೇಶಪ್ಪ."

"ಹುಚ್ಚಿ! ಅವಗೂ ನಮಗೂ ಎಲ್ಲೀ ಸೂತಕ?"

"ನನ್ನ ಕಳಿಸೋ ದಿನಾ ತಂದೀ ಹಂಗ ಮಾತಾಡಿದಾಂವ ಅವನೊಬ್ಬನ, ಮಾವಾರ. ನೀವು ಆಡಲಿಲ್ಲ."

ಅಷ್ಟು ವರ್ಷಗಳಲ್ಲಿ ಅವಳು ಮಾವನಿಗೆ ಎದುರಾಡಿದ್ದು ಅದೊಂದೇ ಸಲ. ಅಜ್ಜ ಹಗ್ಗ ಹಿಡಿದು ತಾನೇ ಒಂದು ಕೊಡ ನೀರು ಸೇದಿದ. "ಹಸಿ ಮತ್ತಿ ಇಡಿಸಿದಾಂವ ನಾನು," ಎಂದು ಓಣಿಗೆಲ್ಲ ಕೇಳುವಂತೆ ಅಂದು, ಉಟ್ಟ ಧೋತರದಲ್ಲೇ ಆ ನೀರನ್ನು ತಲೆಯ ಮೇಲೆ ಸುರಿದುಕೊಂಡ.